ಎಡ ಮೊಳೆಯಲ್ಲಿ ಉಳಿದ ಜಿಂಕೆ

ಹಿತ್ತಾಳೆಯನ್ನು ಬೆವರಿದ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು ಆಮೇಲೆ ಕೈ ಮೂಸಿ ನೋಡಿದ್ದೀರಾ? ಹುಳಿಯೂ ಅಲ್ಲದ, ಕಹಿಯೂ ಅಲ್ಲದ ಒಂದು ವಾಸನೆ ಬರುತ್ತದೆ. ನಾವು ಚಿಕ್ಕವರಿದ್ದಾಗ ತಾವರೆ ಹೂವಿನ ಇಪ್ಪತ್ತು ಪೈಸೆಯನ್ನು ಮುಷ್ಟಿಯಲ್ಲಿ ಹಿಡಿದು ಅಂಗಡಿಗೆ ಓಡುವಾಗ ಇದೇ ವಾಸನೆ ಇರುತ್ತಿತ್ತು. ಈಗ, ಈ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ಕೊಡೆ ಬಿಡಿಸಿ ಕುಳಿತಿರುವ ನನ್ನ ಅಂಗೈಯಲ್ಲೂ ಅದೇ ವಾಸನೆ. ಕೈಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇದೆ. ಅದರ ಮೇಲೆ ನಲವತ್ತೆರಡು ಎಂದು ಅಚ್ಚು ಒತ್ತಿದ್ದಾರೆ. ಎದುರಿಗಿರುವ ಹಲಗೆಯ ಬಲಗಡೆ ಮೊಳೆಗೆ ಅದನ್ನು ನೇತುಹಾಕಿಬಿಟ್ಟರೆ ಇವತ್ತಿನ ಕೆಲಸ ಮುಗಿಯಿತು, ಡಬ್ಬಿಯಲ್ಲಿರುವ ಇಡ್ಲಿ ತಿನ್ನಬಹುದು. ಆದರೆ ಹಾಕುವ ಹಾಗಿಲ್ಲ. ಯಾಕೆ ಎಂದು ಹೇಳಬೇಕಾದರೆ ನಾನು ಹಿಂದೊಮ್ಮೆ ಇಲ್ಲದ ಜಿಂಕೆಯೊಂದನ್ನು ಹುಟ್ಟಿಸಿ ಎರಡು ವರ್ಷದ ಹತ್ತಿರ ಸಾಕಿದ ಕತೆಯನ್ನು ಹೇಳಬೇಕು. ಹೇಗೂ ನಮ್ಮವರು ದಿಬ್ಬದ ಹಿಂದಿನಿಂದ ಬರುವುದಕ್ಕೆ ಇನ್ನೂ ಹೊತ್ತಿದೆ. ಕೂತುಕೊಳ್ಳಿ, ಕೊಡೆಯ ಈ ಕಡೆ ನೆರಳಿದೆ.

ನಾನು ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಸಂಜೆ ಊರಿನ ಹಾಲೆಲ್ಲ ನನ್ನ ಕಣ್ಣೆದುರು ಹಾದುಹೋಗಬೇಕು. ಡಿಗ್ರಿ ನೋಡುವ ಕಡ್ಡಿಯನ್ನು ಮುಳುಗಿಸುವ ಮೊದಲೇ, ಯಾರ ಕ್ಯಾನಿನಲ್ಲಿ ನೀರಿದೆ ಎಂದು ಅವರ ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗೆ. ಒಬ್ಬಾಕೆ ಒಂದು ದಿನ ತಡೆಯಲಾರದೆ, "ನಿನ್ ಕಡ್ಡಿಗೆ ನಮ್ಮನೆ ಎಮ್ಮೆ ಕಂಡ್ರೆ ಏನಕ್ಕ ಅಂಗೆ ಸಿಟ್ಟು?" ಎಂದು ಕೇಳಿದಳು. "ಎಮ್ಮೆ ಒಳ್ಳೇದೇ ಕಣಮ್ಮ, ನಿಮ್ ಬೋರ್‌ವೆಲ್ ಮೇಲೇ ನಂಗೆ ಅನುಮಾನ" ಎಂದೆ. ಸುತ್ತ ನಿಂತವರೆಲ್ಲ ನಕ್ಕರು. ಅಂಥ ನಾನು ಜಿಂಕೆ ಲೆಕ್ಕಕ್ಕೆ ನೀರು ಬೆರೆಸಿದೆ ಎಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. ಆಮೇಲೆ ನಂಬಿದರು, ಮತ್ತು ಇವತ್ತಿಗೂ ಮರೆತಿಲ್ಲ.

ಶುರುವಾದದ್ದು ಹೀಗೆ. ನಮ್ಮ ಡೈರಿಯ ತಕ್ಕಡಿ ಕೆಟ್ಟು, ಅದನ್ನು ಗಾಡಿಯ ಮುಂದೆ ಕಾಲ ಹತ್ತಿರ ಇಟ್ಟುಕೊಂಡು ರಿಪೇರಿಗೆಂದು ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದೆ. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಹಿಟ್ಟಿನಂಥ ಮಣ್ಣಿನ ಗುಡ್ಡಗಳಿವೆಯಲ್ಲ, ನಾವು ಸೈನೈಡ್ ದಿಬ್ಬ ಎನ್ನುವುದು, ಅದರ ಪಕ್ಕದ ಬಯಲಿನಲ್ಲಿ ಒಬ್ಬ ಮುದುಕ ಕಬ್ಬಿಣದ ಕುರ್ಚಿ ಹಾಕಿಕೊಂಡು ಕರಿ ಕೊಡೆ ಹಿಡಿದು ಕೂತಿದ್ದ. ಎದುರಿಗೆ ಒಂದು ಹಲಗೆ, ತುಂಬ ಮೊಳೆಗಳು, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಯಾರೋ ಗಿಣಿಶಾಸ್ತ್ರದವನು, ಪಾಪ, ಗಿರಾಕಿ ಇಲ್ಲದ ಕಡೆ ಬಂದು ಕೂತಿದ್ದಾನೆ ಎಂದುಕೊಂಡೆ. ಗಾಡಿ ನಿಲ್ಲಿಸಿ, "ತಾತ, ಗಿಣಿ ಎಲ್ಲಿ?" ಎಂದು ಕೇಳಿದೆ.

"ಗಿಣಿ ಇಲ್ಲ, ಜಿಂಕೆ" ಎಂದ ತಲೆ ಎತ್ತದೆ. "ಆ ಕಡೆಯಿಂದ ಬಂದ್ಯಲ್ಲ ಪಾಪಾ, ದಾರೀಲಿ ಎಷ್ಟು ನೋಡ್ದೆ?"

ನಲವತ್ತು ದಾಟಿದ ನನ್ನನ್ನು ಪಾಪಾ ಎಂದು ಕರೆದ ಮೊದಲನೆಯ ಮನುಷ್ಯ ಅವನು. ಆ ಖುಷಿಗೆ ಉತ್ತರ ಕೊಟ್ಟೆ. "ಒಂದೈದಾರು ಇದ್ವು ತಾತ."

"ಐದಾ, ಆರಾ?"

"ಐದೋ ಆರೋ."

ಆಗ ತಲೆ ಎತ್ತಿದ. ತಕ್ಕಡಿಯ ಮೇಲೆ ಬರೆದಿದ್ದ ಡೈರಿಯ ಹೆಸರನ್ನು ನಿಧಾನವಾಗಿ ಓದಿಕೊಂಡ. "ಹಾಲು ಹಾಕೋ ಜನಕ್ಕೂ ನೀನು ಹಿಂಗೇ ಬರೆದು ಕೊಡ್ತೀಯಾ? ಐದು ಬೇರೆ ಪಾಪಾ, ಆರು ಬೇರೆ."

ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿದ. ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ಸು ಹೋಗಿ ಎಣಿಸಿದೆ. ಏಳು ಇದ್ದವು. ಅದನ್ನು ಹೇಳುವುದಕ್ಕೆ ಮತ್ತೆ ಬಂದೆ. ಅವತ್ತು ತಕ್ಕಡಿ ರಿಪೇರಿಯಾಗಲಿಲ್ಲ.

ಅವನ ಹೆಸರು ಮುನಿರತ್ನಂ, ಮನೆ ಉರಿಗಾಂನಲ್ಲಿ. ಗಣಿ ನಡೆಯುತ್ತಿದ್ದಾಗ ಗಣಿಯ ಬಾಯಲ್ಲಿ ಬಿಲ್ಲೆ ನೋಡಿಕೊಳ್ಳುವ ಕೆಲಸ. ಕೆಳಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಹಲಗೆಯ ಎಡಗಡೆ ನೇತುಹಾಕಿ ಇಳಿಯಬೇಕು, ಮೇಲೆ ಬಂದವನು ಅದನ್ನು ತೆಗೆದು ಬಲಗಡೆ ಹಾಕಿ ಮನೆಗೆ ಹೋಗಬೇಕು. ಎಡಗಡೆ ಒಂದು ಬಿಲ್ಲೆ ಉಳಿದರೂ ಒಬ್ಬ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಗಣಿ ಮುಚ್ಚಿತು. ಇಳಿಯುವವರಿಲ್ಲ, ಹತ್ತುವವರಿಲ್ಲ, ಎಣಿಸಲು ಯಾರೂ ಇಲ್ಲ. ಗುಜರಿಯವನ ಹತ್ತಿರ ಹಳೆ ಬಿಲ್ಲೆಗಳ ಒಂದು ಗೋಣಿಯೇ ಸಿಕ್ಕಿದಾಗ ತಾತ ಹೊತ್ತುಕೊಂಡು ಬಂದ. ಆಮೇಲೆ ಬಯಲಿನ ಜಿಂಕೆಗಳನ್ನು ಎಣಿಸತೊಡಗಿದ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. "ಶಿಫ್ಟ್ ಬಿಡೋ ಹೊತ್ತಿಗೆ ನನ್ ಕಣ್ಣಿಗೆ ಏನಾದ್ರೂ ಮೇಲೆ ಬರ್ಬೇಕಿತ್ತು" ಎಂದಿದ್ದ ಒಂದು ಸಲ, ಅಷ್ಟೇ ಕಾರಣ.

ಜಿಂಕೆ ಎಂದರೆ ಪುಸ್ತಕದ ಕೃಷ್ಣಮೃಗ. ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೊಂಬು, ತನ್ನನ್ನೇ ಎಲ್ಲರೂ ನೋಡುತ್ತಿದ್ದಾರೆ ಎಂಬ ನಡಿಗೆ. ಹೆಣ್ಣು ಒಣಹುಲ್ಲಿನ ಬಣ್ಣ, ಕೊಂಬಿಲ್ಲ, ಯಾರ ಗೊಡವೆಯೂ ಇಲ್ಲ. ಅದು ಜಿಂಕೆಯ ಜಾತಿಯೇ ಅಲ್ಲ ಎಂದು ಓದಿದವರು ಹೇಳುತ್ತಾರೆ. ನಮ್ಮ ಜೊತೆಯ ಇನ್ನೊಬ್ಬ, ಕುರಿ ಕಾಯುವ ವೆಂಕಟರವಣಪ್ಪ, ಆ ಮಾತು ಕೇಳಿ, "ಅದುಕ್ಕೆ ಗೊತ್ತಾ?" ಎಂದ.

ಈ ವೆಂಕಟರವಣಪ್ಪನ ನಾಯಿ ಹಿಂದೊಮ್ಮೆ ಒಂದು ಮರಿಯನ್ನು ಅಟ್ಟಿಸಿಕೊಂಡು ಹೋಗಿತ್ತಂತೆ. ಮರಿ ತಪ್ಪಿಸಿಕೊಂಡಿತು, ಆದರೆ ಅವನು ತಾತನ ಕೈಗೆ ಸಿಕ್ಕಿಬಿದ್ದ. ಆವತ್ತಿನಿಂದ ಕೆರೆಯ ಕಡೆ ನಿಂತು ಎಣಿಸುವುದು ಅವನ ಪಾಲಿಗೆ ಬಂತು. ದಿಬ್ಬದ ಹಿಂದಿನ ಸುತ್ತು ನನಗೆ. ತಾತ ಮಧ್ಯೆ ಹಲಗೆಯ ಮುಂದೆ. ತಿಂಗಳ ಎರಡನೇ ಭಾನುವಾರ, ನನ್ನ ಡೈರಿ ಮುಗಿದು ಎಂಟು ಗಂಟೆಗೆ. ಇಬ್ಬರೂ ಒಂದೇ ಹೊತ್ತಿಗೆ ನೋಡಿ ಫೋನಿನಲ್ಲಿ ಹೇಳಬೇಕು, ತಾತ ಬಿಲ್ಲೆಗಳನ್ನು ಒಂದೊಂದಾಗಿ ಎಡದಿಂದ ಬಲಕ್ಕೆ ಹಾಕುತ್ತಾನೆ. ವೆಂಕಟರವಣಪ್ಪ ತೆಲುಗಿನಲ್ಲಿ ಎಣಿಸುತ್ತಾನೆ, ತಾತ ತಮಿಳಿನಲ್ಲಿ ಬಿಲ್ಲೆ ಹಾಕುತ್ತಾನೆ, ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುವುದು ನಾನು. ಇಷ್ಟು ಭಾಷೆ ದಾಟಿಯೂ ಜಿಂಕೆಗಳು ಒಂದೂ ಕಳೆದುಹೋಗುತ್ತಿರಲಿಲ್ಲ ಎಂಬುದು ನಮಗೆ ಹೆಮ್ಮೆ.

ತಾತನ ಕಾನೂನು ಗಣಿಯದೇ. ಹೋದ ತಿಂಗಳು ಇದ್ದಷ್ಟು ಬಿಲ್ಲೆ ಈ ತಿಂಗಳು ಎಡಗಡೆಯಿಂದ ಶುರು. ಹೊಸ ಮರಿ ಬಂದರೆ ಹೊಸ ಬಿಲ್ಲೆ. ಸತ್ತದ್ದು ಕಣ್ಣಿಗೆ ಕಂಡರೆ ಮಾತ್ರ ಬಿಲ್ಲೆ ತೆಗೆದು ಡಬ್ಬಿಗೆ ಹಾಕಬೇಕು. ಸುಮ್ಮನೆ ಕಾಣಲಿಲ್ಲ ಎಂದರೆ ನಡೆಯುವುದಿಲ್ಲ, ಹೋಗಿ ಹುಡುಕಬೇಕು. ಎಡಗಡೆ ಖಾಲಿಯಾಗುವ ತನಕ ಶಿಫ್ಟು ಮುಗಿಯುವುದಿಲ್ಲ, ಯಾರೂ ಮನೆಗೆ ಹೋಗುವುದಿಲ್ಲ. ಮನೆಯಲ್ಲಿ ನಮ್ಮವರು, ನನ್ನ ಗಂಡ, ನಗುತ್ತಿದ್ದರು. ಅವರು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಬರುವವರು, ಭಾನುವಾರ ಎಂದರೆ ನಿದ್ದೆ ಎಂದು ತಿಳಿದವರು. "ಅದೇನ್ ಆಲು ಕೊಡ್ತದಾ, ನೀನ್ ಅಂಗೆ ಓಡೋಕೆ?" ಎಂದು ಹೊದಿಕೆಯೊಳಗಿನಿಂದಲೇ ಕೇಳುತ್ತಿದ್ದರು.

ಈಗ ನಾನು ಜಿಂಕೆ ಹುಟ್ಟಿಸಿದ ಆ ಭಾನುವಾರ. ಬೂದಿಕೋಟೆ ನನ್ನ ತವರು. ಅವತ್ತು ನಮ್ಮಣ್ಣನ ಮಗಳ ನಿಶ್ಚಿತಾರ್ಥ. ಸೋದರತ್ತೆ ನಾನೇ ತಡವಾಗಿ ಹೋದರೆ ಆಡಿಕೊಳ್ಳುವವರಿಗೆ ಒಂದು ವರ್ಷದ ಮೇವು. ಗಾಡಿಯನ್ನು ಬಂಗಾರಪೇಟೆಯಲ್ಲಿ ನಿಲ್ಲಿಸಿ ಬಸ್ಸು ಹಿಡಿಯಬೇಕು. ರೇಷ್ಮೆ ಸೀರೆ ಚೀಲದಲ್ಲಿತ್ತು, ಹೂವು ಬಾಡುತ್ತಿತ್ತು, ಬಿಸಿಲು ನೆತ್ತಿಗೆ ಏರುತ್ತಿತ್ತು. ಮತ್ತು ಒಂದು ಹೆಣ್ಣು ಕಡಿಮೆ. ನಲವತ್ತೆರಡನೇ ಬಿಲ್ಲೆ ಎಡಗಡೆಯೇ ಇತ್ತು.

"ದಿಬ್ಬದ ಹಿಂದೆ ಮದ್ದಿನ ಮನೆ ತನಕ ಹೋಗಿ ನೋಡು ಪಾಪಾ" ಎಂದು ತಾತ ಫೋನಿನಲ್ಲಿ ಹೇಳಿದ. ಮದ್ದಿನ ಮನೆ ಎಂದರೆ ಗಣಿಯಲ್ಲಿ ಬಂಡೆ ಸಿಡಿಸುವ ಮದ್ದು ಇಡುತ್ತಿದ್ದ ಹಳೆ ಕಟ್ಟಡ, ಸುತ್ತ ಎತ್ತರದ ಗೋಡೆ. ಅಲ್ಲಿಗೆ ಹತ್ತು ನಿಮಿಷದ ನಡಿಗೆ, ಬರುವುದಕ್ಕೆ ಇನ್ನು ಹತ್ತು. ನಾನು ದಿಬ್ಬದ ನೆರಳಿನಲ್ಲಿ, ಬಂದರೆ ಎಂಬ ಕುರುಚಲು ಗಿಡಗಳ ಈಚೆಗೇ ನಿಂತು, ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿದೆ.

"ಕಂಡ್ಲು ತಾತ. ಬಂದರೆ ಗಿಡದಿಂದೆ ಅವ್ಳೆ."

"ಒಂಟಿಯಾಗಾ? ನೆಟ್ಟಗವ್ಳಾ?"

ಅಲ್ಲಿಗೆ ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳಿಗೆ ಒಂದು ಒಗ್ಗರಣೆ ಇರಲಿ ಎನಿಸಿತು. "ನೆಟ್ಟಗವ್ಳೆ. ಎಡಗಿವಿ ಒಂಚೂರು ಅರ್ದದೆ" ಎಂದೆ. ತಾತ ನಲವತ್ತೆರಡನ್ನು ಬಲಕ್ಕೆ ಹಾಕಿದ. ನಾನು ನಿಶ್ಚಿತಾರ್ಥಕ್ಕೆ ಸರಿಯಾದ ಹೊತ್ತಿಗೆ ಹೋದೆ, ಎರಡು ಹೋಳಿಗೆ ಹೆಚ್ಚಿಗೇ ತಿಂದೆ.

ಒಂದು ಜಿಂಕೆಯನ್ನು ಹುಟ್ಟಿಸುವುದು ಸುಲಭ, ಸಾಕುವುದೇ ಕಷ್ಟ ಎಂದು ಗೊತ್ತಾದದ್ದು ಮುಂದಿನ ತಿಂಗಳು. ಬಿಲ್ಲೆ ಇದೆ ಎಂದ ಮೇಲೆ ಅದಕ್ಕೆ ಜಿಂಕೆ ತೋರಿಸಲೇಬೇಕಲ್ಲ. ತಾತ ಎಲ್ಲಕ್ಕಿಂತ ಮೊದಲು ಕೇಳಿದ್ದೇ, "ಕಿವಿ ಹರಿದವಳು ಬಂದ್ಲಾ?" ಎಂದು. ಬಂದಳು ಎಂದೆ. ಅದರ ಮುಂದಿನ ತಿಂಗಳೂ ಬಂದಳು. ಮಳೆಯಲ್ಲಿ ಬಂದಳು, ಮಂಜಿನಲ್ಲಿ ಬಂದಳು. ಬಯಲಿನ ನಿಜವಾದ ಜಿಂಕೆಗಳಾದರೂ ಒಂದೊಂದು ಸಲ ತಡ ಮಾಡುತ್ತಿದ್ದವು, ನನ್ನದು ಮಾತ್ರ ಸಮಯಕ್ಕೆ ಸರಿಯಾಗಿ ಹಾಜರು.

ವೆಂಕಟರವಣಪ್ಪನಿಗೆ ಅನುಮಾನವಲ್ಲ, ಬೇಸರ ಬಂತು. "ಅಲ್ಲಕ್ಕಾ, ನಂಗ್ಯಾಕೆ ಒಂದಿನಾನೂ ಕಾಣಲ್ಲ ಅದು?" ಎಂದು ಕೇಳಿದ.

"ನಿನ್ ಮೈಮೇಲಿನ ಕುರಿ ವಾಸ್ನೆಗೇ ಓಡೋಯ್ತದೆ" ಎಂದುಬಿಟ್ಟೆ.

ಮುಂದಿನ ಎರಡನೇ ಭಾನುವಾರ ಅವನು ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಿ ಬಾಚಿ, ಒಗೆದ ಪಂಚೆ ಉಟ್ಟು ಬಂದ. ಮೈಯಿಂದ ಸೋಪಿನ ವಾಸನೆ. ಎಣಿಕೆ ಮುಗಿದ ಮೇಲೆ ನನ್ನ ಜೊತೆ ದಿಬ್ಬದ ಹಿಂದೆ ಬಂದು ಅರ್ಧ ಗಂಟೆ ಸದ್ದಿಲ್ಲದೆ ಕೂತ. ಅವತ್ತು ನನ್ನ ಜಿಂಕೆ ಅವನಿಗೆ ಕಾಣಲಿಲ್ಲ. "ಇವತ್ತೂ ಇಲ್ವಾ" ಎಂದು ಪಂಚೆ ಕೊಡವಿಕೊಂಡು ಎದ್ದ. ಆಮೇಲೂ ಪ್ರತಿ ಸಲ ಹಾಗೆಯೇ ಬರುತ್ತಿದ್ದ. ಅವನ ಹೆಂಡತಿಗೆ ನನ್ನ ಮೇಲೆ ಬಹಳ ಗೌರವ ಹುಟ್ಟಿತು.

ತಾತನಿಗೆ ಬೇರೆ ಚಿಂತೆ. ಹೆಣ್ಣು, ಒಂಟಿ, ಮರಿ ಇಲ್ಲ. "ಏನೋ ಕೊರಗು ಇರ್ಬೇಕು ಅವಳಿಗೆ" ಎಂದು ನೆನೆಸಿದ ಹುರುಳಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು, ಬಂದರೆ ಗಿಡದ ಹಿಂದೆ ಇಟ್ಟು ಬಾ ಎಂದ. ಇಟ್ಟು ಬಂದೆ. ಮುಂದಿನ ತಿಂಗಳು ಹೋಗಿ ನೋಡಿದರೆ ಒಂದು ಕಾಳೂ ಇರಲಿಲ್ಲ. "ತಿಂದ್ಲಾ?" ಎಂದ ತಾತ, ಮುಖ ಅರಳಿತು. ತಿಂದದ್ದು ವೆಂಕಟರವಣಪ್ಪನ ಕುರಿಗಳು.

ಇನ್ನು ತಡೆಯಲಾಗದೆ ಒಂದು ದಿನ ಹೇಳಿಯೇಬಿಡುತ್ತೇನೆ ಎಂದು ಉರಿಗಾಂನ ಅವನ ಮನೆಗೇ ಹೋದೆ. ಕಾಫಿ ಕೊಟ್ಟ. ನಾನು "ತಾತ, ಆ ಬಿಲ್ಲೆ..." ಎಂದು ಬಾಯಿ ತೆಗೆದೆ, ಅಷ್ಟೇ. ಅವನಿಗೆ ಬೇರೆ ಯಾವುದೋ ಬಿಲ್ಲೆ ನೆನಪಾಯಿತು.

"ಏಳುಮಲೈ ಅಂತ ಒಬ್ಬ ಇದ್ದ ಪಾಪಾ. ಮರೆವು ಜಾಸ್ತಿ. ಮೇಲೆ ಬಂದವನು ಬಿಲ್ಲೆ ಬಲಕ್ಕೆ ಹಾಕದೆ ಹಂಗೇ ಮನೆಗೆ ಹೋಗಿಬಿಡೋನು. ಮೂರು ಸಲ ಅವನ ಮನೆಗೆ ಓಡಿ ನೋಡಿ ಬಂದಿದ್ದೀನಿ. ನಾಕನೇ ಸಲನೂ ಬಿಲ್ಲೆ ಎಡಗಡೆ ಉಳೀತು. ನನಗೆ ಸಾಕಾಗಿತ್ತು. ಇದೂ ಹಂಗೇ ಅಂದ್ಕೊಂಡು ನಾನೇ ತೆಗೆದು ಬಲಕ್ಕೆ ಹಾಕ್ದೆ, ಪುಸ್ತಕ ಮುಚ್ಚಿದೆ. ಅವನು ಕೆಳಗೇ ಇದ್ದ. ಕಾಲು ಉಳುಕಿ, ದೀಪ ಆರಿ, ಒಬ್ಬನೇ ಕೂತಿದ್ದ. ಮುಂದಿನ ಶಿಫ್ಟಿನವರು ನೋಡಿ ಎತ್ತಿಕೊಂಡು ಬಂದ್ರು. ಬಂದವನು ನನ್ ಕೈ ಹಿಡ್ಕೊಂಡು ಏನಂದ ಗೊತ್ತಾ? ಮೇಲೆ ನೀನು ಎಣಿಸ್ತೀಯಲ್ಲ, ಒಂದು ಕಡಿಮೆ ಅಂತ ಗೊತ್ತಾಗೇ ಆಗ್ತದೆ, ಯಾರಾದ್ರೂ ಬರ್ತಾರೆ ಅಂತ ಕೂತಿದ್ದೆ ಅಂದ."

"ನೀನೇನಂದೆ ತಾತ?"

"ಏನೂ ಅನ್ಲಿಲ್ಲ. ಬಾಯಿ ಬರ್ಲಿಲ್ಲ. ಇವತ್ತಿಗೂ ಬಂದಿಲ್ಲ. ಎರಡು ಬೀದಿ ಆಚೆ ಇದಾನೆ ಅವನು."

ಕಾಫಿ ಲೋಟವನ್ನು ಕೆಳಗಿಟ್ಟೆ. ಅವತ್ತಿನವರೆಗೆ ನಾನು ಮಾಡಿದ್ದು ಇಲ್ಲದ ಜಿಂಕೆಯೊಂದನ್ನು ಸೇರಿಸಿದ್ದು ಎಂದುಕೊಂಡಿದ್ದೆ. ಹಾಗಲ್ಲ. ಆ ಭಾನುವಾರ ಒಂದು ನಿಜವಾದ ಹೆಣ್ಣು ಜಿಂಕೆ ಬಂದಿರಲಿಲ್ಲ, ಅದನ್ನು ಯಾರೂ ಹುಡುಕದಂತೆ ಮಾಡಿದವಳು ನಾನು. ಇದನ್ನು ಹೇಳಿದರೆ ಮುದುಕನ ಎದೆ ಒಡೆದೀತು ಎಂದು ಹೇಳದೆ ಎದ್ದು ಬಂದೆ. ನಿಜ ಹೇಳಬೇಕೆಂದರೆ, ನನ್ನ ಮಾನದ ಬಗ್ಗೆಯೂ ಯೋಚನೆ ಇತ್ತು.

ಈ ನಡುವೆ ಆ ಬಯಲನ್ನು ಏನು ಮಾಡುವುದು ಎಂದು ಮೇಲಿನವರಲ್ಲಿ ಮಾತು ಶುರುವಾಯಿತು. ಅಲ್ಲಿ ಜಿಂಕೆ ಎಷ್ಟಿವೆ, ನಿಜವಾಗಿ ಇವೆಯೇ ಎಂದು ನೋಡಲು ಅರಣ್ಯ ಇಲಾಖೆಯ ಒಬ್ಬ ಆಫೀಸರಮ್ಮ ಇಬ್ಬರು ಗಾರ್ಡುಗಳನ್ನು ಕರೆದುಕೊಂಡು ಒಂದು ಎರಡನೇ ಭಾನುವಾರ ಬಂದರು. ತಾತನ ಪುಸ್ತಕಗಳ ಕಟ್ಟನ್ನು ಪುಟ ಪುಟ ತಿರುವಿ ನೋಡಿದರು. "ಇಷ್ಟು ವರ್ಷದ್ದು ಒಂದು ತಿಂಗಳೂ ಬಿಡದೆ ಬರೆದವರನ್ನು ನಾನು ನೋಡಿಲ್ಲ. ಇವತ್ತಿನ ನಮ್ಮ ಎಣಿಕೆಗೂ ನಿಮ್ಮ ಪುಸ್ತಕಕ್ಕೂ ಹೊಂದಿದರೆ ಇಷ್ಟನ್ನೂ ಫೈಲಿಗೆ ಸೇರಿಸುತ್ತೇನೆ" ಎಂದರು. ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹೊಂದದೆ ಹೋದರೆ ಆ ಪುಸ್ತಕಗಳು ಕಡಲೆಕಾಯಿ ಕಟ್ಟುವುದಕ್ಕೆ ಮಾತ್ರ ಬಂದಾವು, ಮತ್ತು ಅದಕ್ಕೆ ಕಾರಣ ನಾನಾಗುತ್ತೇನೆ.

ಎಣಿಕೆ ಮುಗಿಯಿತು. ಬಯಲಿನ ಮೂಲೆ ಮೂಲೆಯಲ್ಲೂ ಒಬ್ಬೊಬ್ಬರು ನಿಂತು ದುರ್ಬೀನು ಹಿಡಿದು ನೋಡಿದ್ದರು. ಬಿಲ್ಲೆಗಳು ಒಂದೊಂದಾಗಿ ಬಲಕ್ಕೆ ಹೋದವು. ನಲವತ್ತೆರಡು ಉಳಿಯಿತು.

"ಒಂದು ತಾನೇ, ಇರಲಿ ಬಿಡಿ" ಎಂದರು ಆಫೀಸರಮ್ಮ.

"ಒಂದು ತಾನೇ ಅನ್ಬೇಡಿ ಅಮ್ಮಾ" ಎಂದ ತಾತ. "ಇದು ಕಿವಿ ಹರಿದವಳದ್ದು. ನಮ್ ಪಾಪಾಗೆ ಮಾತ್ರ ಕಾಣೋದು ಅವಳು. ಹೋಗು ಪಾಪಾ, ನೋಡ್ಕೊಂಡು ಬಂದು ಹೇಳು. ನೀನು ಹೇಳಿದ್ರೆ ಆಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ನಾಲ್ಕು ಹೆಜ್ಜೆ ಹೋಗಿ ಬಂದರೆ ಸಾಕು, ಲೆಕ್ಕ ಹೊಂದುತ್ತದೆ, ತಾತ ಗೆಲ್ಲುತ್ತಾನೆ, ಬಯಲಿಗೂ ಒಳ್ಳೆಯದಾಗುತ್ತದೆ. ಕಾಲು ಎತ್ತಿಯೇ ಇದ್ದೆ. ಆಗ ಕೆರೆಯ ಕಡೆಯಿಂದ ವೆಂಕಟರವಣಪ್ಪ ಬಂದ. ಅವತ್ತೂ ಸ್ನಾನ ಮಾಡಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. "ನಾನೂ ಬತ್ತೀನಕ್ಕಾ, ಇವತ್ತಾದ್ರೂ ಕಂಡಾಳು" ಎಂದ. ಆ ತಲೆಯನ್ನು ನೋಡಿ ನನಗೆ ಎತ್ತಿದ ಕಾಲನ್ನು ಮುಂದಿಡಲಾಗಲಿಲ್ಲ.

"ಅಂಥ ಜಿಂಕೆ ಇಲ್ಲ ತಾತ" ಎಂದೆ. "ಯಾವತ್ತೂ ಇರ್ಲಿಲ್ಲ. ನಿಶ್ಚಿತಾರ್ಥದ ದಿನ ಬಸ್ಸಿಗೆ ಒತ್ತಾಯ್ತು ಅಂತ ಸುಳ್ಳೇಳ್ದೆ. ಆವತ್ತಿಂದ ಅದ್ನೇ ಏಳ್ಕೊಂಡು ಬಂದೆ."

ಗಾರ್ಡೊಬ್ಬ ಕೆಮ್ಮಿದ. ಆಫೀಸರಮ್ಮ ಪೆನ್ನಿನ ಮುಚ್ಚಳ ಹಾಕಿದರು. ವೆಂಕಟರವಣಪ್ಪ ಮೆಲ್ಲಗೆ ತನ್ನ ತಲೆಯನ್ನು ಸವರಿಕೊಂಡ. ತಾತ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ನನ್ನ ಮುಖವನ್ನೇ ನೋಡಲಿಲ್ಲ.

"ಆವತ್ತು ಎಲ್ಲಿ ತನಕ ಹೋಗಿದ್ದೆ?" ಎಂದು ಕೇಳಿದ.

"ದಿಬ್ಬದ ನೆರಳ ತನಕ."

"ಮದ್ದಿನ ಮನೆ?"

"ನೋಡ್ಲಿಲ್ಲ."

"ಆಮೇಲೆ?"

"ಆ ಕಡೆ ಓಗೋಕೇ ಮನಸ್ಸಾಗ್ತಿರ್ಲಿಲ್ಲ ತಾತ."

"ಹಂಗಾದ್ರೆ ಅವಳು ಇನ್ನೂ ಕೆಳಗೇ ಇದಾಳೆ" ಎಂದು ಕೋಲು ತೆಗೆದುಕೊಂಡು ಹೊರಟೇಬಿಟ್ಟ. ಆಫೀಸರಮ್ಮ ಒಂದು ಕ್ಷಣ ನಿಂತು ನೋಡಿ, ಅವರೂ ಹಿಂದೆ ಹೊರಟರು. ಎರಡು ವರ್ಷ ತಡವಾಗಿ, ಇಸ್ತ್ರಿ ಅಂಗಿಯ ಮುದುಕನ ಹಿಂದೆ, ಸರ್ಕಾರವೂ ಕುರಿಯವನೂ ನಾನೂ ಸಾಲಾಗಿ ನಡೆದೆವು.

ಮದ್ದಿನ ಮನೆಯ ಗೋಡೆ ಒಂದೂವರೆ ಆಳು ಎತ್ತರ. ಬಾಗಿಲಿಗೆ ತುಕ್ಕು ಹಿಡಿದ ದೊಡ್ಡ ಬೀಗ. ಆದರೆ ದಿಬ್ಬದ ಕಡೆಯ ಗೋಡೆಗೆ ವರ್ಷಗಟ್ಟಲೆ ಗಾಳಿಗೆ ಹಾರಿ ಬಂದ ಮಣ್ಣು ಒರಗಿ, ನೆಲದಿಂದ ಗೋಡೆಯ ತಲೆಯ ತನಕ ಇಳಿಜಾರಾಗಿ ಕೂತಿತ್ತು. ವೆಂಕಟರವಣಪ್ಪ ಅದರ ಮೇಲೆ ಮೊದಲು ಹತ್ತಿದ. ಹತ್ತಿದವನು ಹಾಗೆಯೇ ಕುಕ್ಕರುಗಾಲಲ್ಲಿ ಕೂತ. ಆಮೇಲೆ ತಿರುಗದೆಯೇ, ತೆಲುಗಿನಲ್ಲಿ, "ಉಂದಿ" ಎಂದ. ಇದೆ ಎಂದು.

ಒಳಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಮೂಲೆಯಲ್ಲಿ ಮಳೆ ನೀರು ನಿಂತ ಹಳೆಯ ತೊಟ್ಟಿ. ತೊಟ್ಟಿಯ ಪಕ್ಕದಲ್ಲಿ ಒಂದು ಹೆಣ್ಣು ಜಿಂಕೆ ನಿಂತು ಮೇವು ಮೆಲುಕು ಹಾಕುತ್ತ ನಮ್ಮನ್ನು ನೋಡುತ್ತಿತ್ತು. ನಾಯಿಗೋ ಯಾವುದಕ್ಕೋ ಹೆದರಿ ಈ ಮಣ್ಣು ಹತ್ತಿ ಒಳಗೆ ನೆಗೆದಿರಬೇಕು. ಒಳಗಡೆ ಇಳಿಜಾರಿಲ್ಲ, ಬರೀ ಗೋಡೆ. ಮೈ ತುಂಬಿಕೊಂಡಿತ್ತು, ಸಾಕಿದ ಕರುವಿನ ಹಾಗೆ. ತಾತನನ್ನು ಗಾರ್ಡುಗಳು ಕೈಹಿಡಿದು ಹತ್ತಿಸಿದರು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ, ನೋಡಿದ, ನೋಡುತ್ತಲೇ ಇದ್ದ.

"ಎರಡು ಕಿವೀನೂ ನೆಟ್ಟಗಿವೆ ಪಾಪಾ" ಎಂದ ಕೊನೆಗೆ.

"ಊಂ ತಾತ" ಎಂದೆ. ಮೊದಲು ನಕ್ಕವನು ವೆಂಕಟರವಣಪ್ಪ. ಆಮೇಲೆ ಎಲ್ಲರೂ ನಕ್ಕರು, ಆಫೀಸರಮ್ಮ ಕೂಡ. ನಾನೂ ನಗಲು ಹೋದೆ, ಅಳು ಬಂತು. ಹತ್ತು ನಿಮಿಷದ ದಾರಿ. ಅಷ್ಟು ನಡೆದಿದ್ದರೆ ಆವತ್ತೇ ಕಾಣುತ್ತಿದ್ದಳು. ಯಾರಾದರೂ ಎಣಿಸುತ್ತಾರೆ, ಒಂದು ಕಡಿಮೆ ಎಂದು ಗೊತ್ತಾಗುತ್ತದೆ ಎಂದು ಜಿಂಕೆ ಯೋಚಿಸುವುದಿಲ್ಲ, ನನಗೆ ಗೊತ್ತು. ಆದರೂ ಆ ಮಣ್ಣಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

"ಇದು ಅದೇ ಅಂತ ಹೇಗೆ ಹೇಳುತ್ತೀರಿ?" ಎಂದು ಆಫೀಸರಮ್ಮ ಕೇಳಿದರು.

"ಒಬ್ಬಳು ಕಡಿಮೆ ಇದ್ಲು, ಒಬ್ಬಳು ಸಿಕ್ಕಿದ್ಲು" ಎಂದ ತಾತ.

ಆಫೀಸರಮ್ಮ ಪುಸ್ತಕ ತೆರೆದು ಲೆಕ್ಕ ಹಾಕಿದರು. ಹಾಕುತ್ತ ಹಾಕುತ್ತ ಅವರ ಹುಬ್ಬು ಮೇಲೇರಿತು. "ಹಾಗಾದರೆ ಇಷ್ಟು ತಿಂಗಳೂ ಪುಸ್ತಕದ ಸಂಖ್ಯೆ ಸರಿಯಾಗಿಯೇ ಇತ್ತಲ್ಲ. ಇದು ಇಲ್ಲೇ ಇತ್ತು."

ನಾನು ಸೆರಗು ತೆಗೆದು ನೋಡಿದೆ. ಹೌದಲ್ಲ. ನನ್ನ ಸುಳ್ಳು ಎರಡು ವರ್ಷ ನಿಜವಾಗಿತ್ತು. ಒಂದು ಕ್ಷಣ ನನಗೆ ಎಷ್ಟು ಹಾಯೆನಿಸಿತು ಎಂದರೆ, ಬೆನ್ನು ನೆಟ್ಟಗೆ ಮಾಡಿ ಕೂತೆ.

"ಸಂಖ್ಯೆ ಸರಿ, ಎಣಿಕೆ ತಪ್ಪು" ಎಂದ ತಾತ. "ನೋಡದೆ ಬರೆದದ್ದು ನೋಡದೆ ಬರೆದದ್ದೇ. ಅಷ್ಟೂ ಪುಟದಲ್ಲಿ ಹಂಗಂತ ಬರೆದು ಸಹಿ ಹಾಕು."

ಇಪ್ಪತ್ತೆರಡು ಪುಟ. ಮಣ್ಣಿನ ಮೇಲೆ ಕೂತುಕೊಂಡೇ ಪ್ರತಿ ಪುಟದಲ್ಲೂ 'ಒಂದನ್ನು ನೋಡದೆ ಬರೆದಿದ್ದೇನೆ' ಎಂದು ಬರೆದು ಸಹಿ ಹಾಕಿದೆ. ಪುಟ ಹಿಡಿದುಕೊಂಡವನು ವೆಂಕಟರವಣಪ್ಪ. ಪ್ರತಿ ಸಹಿಗೂ ಒಂದು ಸಲ ತಲೆ ಸವರಿಕೊಂಡು, "ಇದೊಂದ್ ಸ್ನಾನ" ಎನ್ನುತ್ತಿದ್ದ. ಆಫೀಸರಮ್ಮ ಆ ಸಹಿಗಳ ಸಮೇತ ಪುಸ್ತಕಗಳನ್ನು ಫೈಲಿಗೆ ತೆಗೆದುಕೊಂಡರು. ಫೈಲು ಆಮೇಲೆ ಎಲ್ಲೆಲ್ಲಿಗೆ ಹೋಯಿತೋ ನಮಗೆ ತಿಳಿಯದು, ಬಯಲು ಮಾತ್ರ ಇನ್ನೂ ಬಯಲಾಗಿಯೇ ಇದೆ.

ಜಿಂಕೆಯನ್ನು ಹಿಡಿಯಲು ಹೋದರೆ ಹೆದರಿಕೆಗೇ ಸಾಯುತ್ತದೆ ಎಂದು ಆಫೀಸರಮ್ಮ ಹೇಳಿದರು. ಗೋಡೆ ಒಡೆಯಬೇಕಾದರೆ ಇನ್ನೊಂದು ಕಚೇರಿಯ ಪತ್ರ ಬೇಕು. ವೆಂಕಟರವಣಪ್ಪ ತಲೆ ಕೆರೆದುಕೊಂಡು, "ಮಣ್ಣು ಈಚೆ ಕಡೆ ಐತೆ, ಆಚೆ ಕಡೆಗೂ ಸುರಿದ್ರಾಯ್ತು" ಎಂದ. ಅವರು ಒಪ್ಪಿದರು. ಮೂರು ದಿನ, ಡೈರಿ ಮುಗಿದ ಮೇಲೆ ಸಂಜೆಯ ತನಕ, ಸದ್ದು ಮಾಡದೆ ಬಾಂಡಲಿಯಲ್ಲಿ ಮಣ್ಣು ಎತ್ತಿ ಗೋಡೆಯ ಒಳಗೆ ಸುರಿದೆವು. ಯಾವ ಮಣ್ಣು ಅದನ್ನು ಒಳಗೆ ಬಿಟ್ಟಿತೋ ಅದೇ ಮಣ್ಣು ಹೊರಗೆ ಬಿಡಬೇಕಾಯಿತು. ನಮ್ಮವರು ಆಗ ಮೊದಲ ಸಲ ನನ್ನ ಜೊತೆ ಬಂದರು, ಗಂಡಸಿನ ಕೆಲಸ ಎಂದುಕೊಂಡು. ಎರಡು ಬಾಂಡಲಿಗೆ ಸೊಂಟ ಹಿಡಿದುಕೊಂಡು ಕೂತರು. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಒಳಗೆ ಜಿಂಕೆ ಇರಲಿಲ್ಲ, ಮಣ್ಣಿನ ಮೇಲೆ ಸಾಲು ಗೊರಸಿನ ಗುರುತು. ಮುಂದಿನ ಎರಡನೇ ಭಾನುವಾರ ನಲವತ್ತೆರಡನ್ನು ಬಲಕ್ಕೆ ಹಾಕಲು ತಾತ ನನ್ನ ಕೈಗೇ ಕೊಟ್ಟ. ಆವತ್ತಿನಿಂದ ಎಲ್ಲ ಬಿಲ್ಲೆಗಳಾದ ಮೇಲೆ ಕೊನೆಗೆ ತೆಗೆಯಬೇಕಾದದ್ದು ಅದು, ತೆಗೆಯಬೇಕಾದವಳು ನಾನು.

ಇನ್ನೊಂದು ವಿಷಯ ಹೇಳದೆ ಹೋದರೆ ಆಗುವುದಿಲ್ಲ. ನಾನು ಸಹಿ ಹಾಕಿದ ಆ ಸಂಜೆ ತಾತ ಎರಡು ಬೀದಿ ದಾಟಿ ಏಳುಮಲೈ ಮನೆಗೆ ಹೋದನಂತೆ. ಕೂತು, ನೀರು ಕುಡಿದು, ಆವತ್ತು ನಿನ್ನ ಬಿಲ್ಲೆಯನ್ನು ಬಲಕ್ಕೆ ಹಾಕಿದವನು ನಾನೇ ಎಂದು ಇಷ್ಟು ವರ್ಷದ ಭಾರವನ್ನು ಇಳಿಸಿದನಂತೆ. ಏಳುಮಲೈ ಎಲ್ಲವನ್ನೂ ಗಮನವಿಟ್ಟು ಕೇಳಿ, "ಯಾವತ್ತು? ನಾನಾ?" ಎಂದನಂತೆ. ಅವನಿಗೆ ಅದು ಪೂರ್ತಿ ಮರೆತುಹೋಗಿತ್ತು. ತಾತ ಇದನ್ನು ಹೇಳುವಾಗ ಸಿಟ್ಟು ಮಾಡಿಕೊಂಡಿದ್ದ. "ಇಷ್ಟು ವರ್ಷ ನಾನೊಬ್ಬನೇ ಎಣಿಸಿದ್ದೀನಿ ನೋಡು" ಎಂದು ಗೊಣಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಈಗ ತಾತನಿಗೆ ಕಣ್ಣಿನ ಆಪರೇಷನ್ ಆಗಿದೆ, ಬಿಸಿಲಿಗೆ ಹೋಗಕೂಡದು ಎಂದಿದ್ದಾರೆ. ಅದಕ್ಕೇ ಅವನ ಕುರ್ಚಿಯಲ್ಲಿ ನಾನು. ಕೆರೆಯ ಕಡೆ ವೆಂಕಟರವಣಪ್ಪ, ಈಗಲೂ ಸ್ನಾನ ಮಾಡಿಯೇ ಬರುತ್ತಾನೆ, ಅಭ್ಯಾಸವಾಗಿಬಿಟ್ಟಿದೆ. ನನ್ನ ಹಳೆಯ ಸುತ್ತು, ದಿಬ್ಬದ ಹಿಂದಿನದು, ನಮ್ಮವರ ಪಾಲಿಗೆ. ಮತ್ತು ಇವತ್ತು ಒಂದು ಹೆಣ್ಣು ಕಡಿಮೆ.

ತಡೆಯಿರಿ, ಅವರದೇ ಫೋನು.

"ಸಿಕ್ತು ಕಣೇ" ಎನ್ನುತ್ತಿದ್ದಾರೆ, ಏದುಸಿರು. "ಬಂದರೆ ಗಿಡದಿಂದೆ ಐತೆ. ಎಣ್ಣು ಜಿಂಕೇನೇ. ಬಿಲ್ಲೆ ಆಕು, ಬತ್ತಾ ಇದೀನಿ. ಇಡ್ಲಿ ಆರೋಯ್ತದೆ."

"ಕಿವಿ ಎಂಗವೆ?" ಎಂದೆ.

ಆ ಕಡೆಯಿಂದ ಬರೀ ಗಾಳಿಯ ಸದ್ದು.

"ಯಾವ ಕಿವಿ?"

"ಅದರದ್ದೇ ರೀ."

ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಇನ್ನೊಂದು ಸುತ್ತು ಆಕ್ಕೊಂಡೇ ಬತ್ತೀನಿ ಬಿಡು" ಎಂದು ಫೋನ್ ಇಟ್ಟರು.

ಇಟ್ಟ ಕೂಡಲೇ ಉರಿಗಾಂನಿಂದ ಫೋನ್ ಬಂತು. ಎರಡನೇ ಭಾನುವಾರ ಈ ಹೊತ್ತಿಗೆ ಅದು ಬರಲೇಬೇಕು.

"ಎಲ್ಲಾ ಮೇಲೆ ಬಂದ್ರಾ ಪಾಪಾ?"

"ಇಲ್ಲ ತಾತ. ಒಬ್ಬಳು ಬರ್ಬೇಕು."

"ಸೆರಿ. ಕೂತಿರು. ಅವಳೂ ಕೂತಿರ್ತಾಳೆ" ಎಂದ.

ನಲವತ್ತೆರಡನ್ನು ಮತ್ತೆ ಎಡಗಡೆ ಮೊಳೆಗೇ ಸಿಕ್ಕಿಸಿ, ಇಡ್ಲಿ ಡಬ್ಬಿಯನ್ನು ಕುರ್ಚಿಯ ಕೆಳಗೆ ನೆರಳಿಗೆ ತಳ್ಳಿದ್ದೇನೆ. ಅಂಗೈಯ ವಾಸನೆ ಇನ್ನೂ ಹೋಗಿಲ್ಲ. ನಿಮಗೆ ಹಸಿವಾಗಿದ್ದರೆ ನೀವು ಹೊರಡಿ, ನಾನು ಇಲ್ಲೇ ಇರುತ್ತೇನೆ.